ಎಬ್ಬಿಸಿ ಹೇಳಿ ಹೋಗುವುದು

ಆ ಬೆಳಿಗ್ಗೆ ಏನೇನು ಕೆಡಬಹುದಿತ್ತೆಂದರೆ: ಪುಣೆಗೆ ಹೋಗುವ ಬಸ್ಸು ಬರದೇ ಇರಬಹುದಿತ್ತು. ಹೊತ್ತಿಗೆ ಮುಂಚೆಯೇ ಬಂದು ಹೊರಟುಹೋಗಬಹುದಿತ್ತು. ಔರಾದದ ಬಸ್‌ನಿಲ್ದಾಣದಲ್ಲಿ ಹಾಗೆ ಎಂದೂ ಆಗಿಲ್ಲ, ಆದರೆ ಎಂದೂ ಆಗದ್ದು ಆಗಲಿಕ್ಕೆ ನಾನಿರುವ ದಿನವನ್ನೇ ಹುಡುಕಿಕೊಂಡು ಬರುತ್ತದೆ. ನನ್ನ ಶಾಲೆಯ ಮೂರನೇ ತರಗತಿಯ ಹುಡುಗಿ ಏಳದೇ ಇರಬಹುದಿತ್ತು. ಎದ್ದು, ತಾಯಿಯ ಕಾಲಿಗೆ ಜೋತುಬಿದ್ದು, ಓಣಿಗೆಲ್ಲ ಕೇಳುವಂತೆ ಚೀರಬಹುದಿತ್ತು. ತಾಯಿಗೆ ಕೊನೆ ಗಳಿಗೆಯಲ್ಲಿ ಧೈರ್ಯ ಸಾಲದೆ, ಹಿಂದಿನ ಸಲದಂತೆ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಜಾರಿಕೊಳ್ಳಬಹುದಿತ್ತು. ಇಲ್ಲವೇ ಹೋಗುವುದೇ ಬೇಡವೆಂದು ಗಂಟು ಬಿಚ್ಚಿ ಕುಳಿತುಬಿಡಬಹುದಿತ್ತು. ನೀರಿನ ಟ್ಯಾಂಕರ್ ಅದೇ ಹೊತ್ತಿಗೆ ಬಂದು, ಹುಡುಗಿಯ ಅಜ್ಜಿ ಎಲ್ಲ ಮರೆತು ಕೊಡ ಹಿಡಿದು ಓಡಬಹುದಿತ್ತು. ಅಲಾರಾಂ ಹೊಡೆಯದೇ ಇರಬಹುದಿತ್ತು. ನನ್ನ ಮನೆ ಬಾಗಿಲಿನ ಕೊಂಡಿ ಸಿಕ್ಕಿಕೊಂಡು ಎಲ್ಲರೂ ಒಳಗೇ ಉಳಿಯಬಹುದಿತ್ತು. ಅದು ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿದಾಗ ಮಾತ್ರ ಸಿಕ್ಕಿಕೊಳ್ಳುವ ಕೊಂಡಿ, ನೆಟ್ಟಗೆ ಮಳೆ ಕಂಡು ಎರಡು ವರ್ಷವಾಗಿತ್ತು. ಆದರೂ.

ಇದರಲ್ಲಿ ಒಂದೂ ಆಗಲಿಲ್ಲ. ಕೆಟ್ಟದ್ದು ಬೇರೆ, ಬಹಳ ಸಣ್ಣದು. ಇಷ್ಟು ಉದ್ದದ ಪಟ್ಟಿಯಲ್ಲಿ ಅದಕ್ಕೇ ಜಾಗ ಇರಲಿಲ್ಲ.

ನಾನು ಔರಾದದಲ್ಲಿ ಮನೆ ಮಾಡಿಕೊಂಡು, ಡಾಬಕಾ ಕಡೆಯ ಒಂದು ಹಳ್ಳಿಯ ಶಾಲೆಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ಟೀಚರು. ನಮ್ಮ ಯಜಮಾನರ ನೌಕರಿ ಭಾಲ್ಕಿಯಲ್ಲಿ. ವಾರಕ್ಕೊಮ್ಮೆ ಬರುತ್ತಾರೆ, ಉಳಿದ ದಿನ ಫೋನಿನಲ್ಲಿ ನನ್ನ ಚಿಂತೆಗಳನ್ನು ಕೇಳಿಸಿಕೊಳ್ಳುತ್ತಾರೆ. "ಸರ್ಕಾರ ನಿನಗ ಕಲಸ್ಲಾಕ ಪಗಾರ ಕೊಡ್ತದೋ, ಫಿಕರ್ ಮಾಡ್ಲಾಕ ಕೊಡ್ತದೋ?" ಎಂದು ಕೇಳುತ್ತಾರೆ. ಎರಡಕ್ಕೂ ಕೊಡುವುದಾದರೆ ಎರಡನೆಯದಕ್ಕೆ ನನಗೆ ಬಡ್ತಿಯೂ ಸಿಗಬೇಕಿತ್ತು.

ಒಂದು ಅರ್ಥದಲ್ಲಿ ಸಿಕ್ಕಿತು ಕೂಡ. ಮಳೆ ಕೈಕೊಟ್ಟ ಎರಡನೇ ವರ್ಷ, ದೀಪಾವಳಿ ಮುಗಿಯುತ್ತಿದ್ದಂತೆ ಆ ಹಳ್ಳಿಯ ಅರ್ಧ ಮನೆಗಳವರು ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೊರಟುಹೋದರು. ಮಕ್ಕಳು ಅಜ್ಜ ಅಜ್ಜಿಯರ ಹತ್ತಿರ ಉಳಿದರು. ಆಗ ಶಾಲೆಗಳ ಮೂಲಕ ಒಂದು ಕಾರ್ಯಕ್ರಮ ಬಂತು: ಮಕ್ಕಳ ಮನಸ್ಸಿನ ಆರೋಗ್ಯಕ್ಕಾಗಿ, ಮನೆಯವರನ್ನೂ ಕೂಡಿಸಿಕೊಂಡು, ಆನ್‌ಲೈನಿನಲ್ಲಿ. ಶನಿವಾರ ಶಾಲೆ ಬಿಟ್ಟ ಮೇಲೆ ಮಗು ಮತ್ತು ಅಜ್ಜಿ ಶಾಲೆಯಲ್ಲಿ ನನ್ನ ಫೋನಿನ ಮುಂದೆ ಕೂಡಬೇಕು, ಅಪ್ಪ ಅವ್ವ ಇದ್ದಲ್ಲಿಂದಲೇ ತಮ್ಮ ಫೋನಿನಲ್ಲಿ ಕಾಣಿಸಿಕೊಳ್ಳಬೇಕು, ಬೀದರಿನಿಂದ ಆಪ್ತಸಮಾಲೋಚಕಿ ಮಾತಾಡಿಸಬೇಕು, ವಾರಕ್ಕೊಂದು ಸಣ್ಣ ಅಭ್ಯಾಸ ಕೊಡಬೇಕು. ಊರಿನವರು ಇದಕ್ಕೆ ಇಟ್ಟ ಹೆಸರು 'ಶನಿವಾರದ ಫೋನು'.

ಇದನ್ನು ನಡೆಸಲು ಯಾರನ್ನು ಆರಿಸಬೇಕೆಂದು ಮುಖ್ಯಗುರುಗಳು ಕೇಳಿದಾಗ ನಾನು ಕೈ ಎತ್ತಿದ್ದು ನಿಜ. ಆದರೆ ಅದು 'ನೆಟ್‌ವರ್ಕ್ ಸಿಗದಿದ್ದರೆ ಏನು ಮಾಡೋದು ಸರ್' ಎಂದು ಕೇಳಲು ಎತ್ತಿದ ಕೈ. ಹೆಸರು ಬರೆದುಕೊಂಡೇಬಿಟ್ಟರು.

ಬೀದರಿನಲ್ಲಿ ನಡೆದ ತರಬೇತಿಯಲ್ಲಿ ನನ್ನ ಸಂದೇಹಗಳು ಊಟದ ಹೊತ್ತನ್ನೂ ನುಂಗಿದವು. ಮಗು ಅತ್ತರೆ? ಅಜ್ಜಿ ಬೈದರೆ? ಅಪ್ಪ ಕುಡಿದು ಬಂದು ಕೂತರೆ? ಮಾತಿನ ನಡುವೆ ಫೋನಿಗೆ ಬ್ಯಾಂಕಿನ ಸಾಲದವರ ಕರೆ ಬಂದರೆ? ಸಮಾಲೋಚಕಿ ಇನ್ನೂ ಎಳೆಯ ವಯಸ್ಸಿನ ಹುಡುಗಿ, ಬೀದರಿನವಳೇ, ಮಾತು ಮಾತ್ರ ಪುಸ್ತಕದ್ದು. ಬಹಳ ಹೊತ್ತು ತಾಳಿಕೊಂಡು, ಕೊನೆಗೆ ಪುಸ್ತಕ ಬದಿಗಿಟ್ಟಳು.

"ಟೀಚರ್, ಈ ಕಾರ್ಯಕ್ರಮ ಮೊದಲ ನಿಮಗೇ ಹಚ್ಚೂಣೇನ್ರಿ?"

ಹಿಂದಿನ ಸಾಲಿನಲ್ಲಿದ್ದ ಟೀಚರುಗಳೆಲ್ಲ ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ವಾಪಸಾಗುವಾಗ ಮಾತ್ರ, ಅವಳು ಅದನ್ನು ತಮಾಷೆಗೆ ಹೇಳಿದಳೋ ನಿಜಕ್ಕೂ ಹೇಳಿದಳೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ನಮ್ಮ ಶಾಲೆಯಿಂದ ಸೇರಿದ ನಾಲ್ಕು ಮನೆಗಳಲ್ಲಿ ನನಗೆ ಹೆಚ್ಚು ಚಿಂತೆ ಆ ಮೂರನೇ ತರಗತಿಯ ಹುಡುಗಿಯದು. ಅಪ್ಪ ಅವ್ವ ಪುಣೆಯಲ್ಲಿ. ಅವಳು ತಾಯಿಯ ತಾಯಿಯ ಹತ್ತಿರ ಇದ್ದಳು. ಅಜ್ಜಿಯನ್ನು ಅವಳಷ್ಟೇ ಅಲ್ಲ, ನಾವೂ ಆಯಿ ಎಂದೇ ಕರೆಯುತ್ತಿದ್ದೆವು. ಮೊದಲು ತರಗತಿಯಲ್ಲಿ ಎಲ್ಲರಿಗಿಂತ ಜೋರಾಗಿ ಮಗ್ಗಿ ಹೇಳುತ್ತಿದ್ದವಳು ದೀಪಾವಳಿ ನಂತರ ಬಾಯಿ ಮುಚ್ಚಿದಳು. ಮಧ್ಯಾಹ್ನ ಊಟವಾದ ಕೂಡಲೇ ಬೆಂಚಿಗೆ ತಲೆಯಿಟ್ಟು ಮಲಗಿಬಿಡುತ್ತಿದ್ದಳು. ಪುಣೆಯಿಂದ ಅವ್ವನ ಫೋನು ಬಂದರೆ ಎದ್ದು ಹೊರಗೆ ಹೋಗುತ್ತಿದ್ದಳು.

"ರಾತ್ರಿ ನಿದ್ದಿನೇ ಮಾಡಲ್ರಿ ಟೀಚರ್," ಎಂದಿದ್ದಳು ಆಯಿ. "ನನ್ನ ಸೆರಗಿನ ಚುಂಗು ಹಿಡದು ತನ್ನ ಕೈಗಿ ಗಂಟ್ ಹಾಕ್ಕೋತಾಳ. ನೀರ್ ಕುಡಿಲಾಕ ಏಳಬೇಕಂದ್ರ ಇಕಿನ್ನೂ ಎಳಕೊಂಡೇ ಹೋಗಬೇಕು. ಆಡು ಕಟ್ಟಿದಂಗ ಕಟ್ಯಾಳ ನನಗ."

ಮೊದಲ ಶನಿವಾರ ಫೋನನ್ನು ಮೇಜಿನ ಮೇಲೆ ಗ್ಲೋಬಿಗೆ ಒರಗಿಸಿ ನಿಲ್ಲಿಸಿದೆ. ಒಂದು ಚೌಕದಲ್ಲಿ ಸಮಾಲೋಚಕಿ ಬಂದಳು. ಇನ್ನೊಂದರಲ್ಲಿ ಹುಡುಗಿಯ ಅಪ್ಪ ಅವ್ವ, ಅವರ ಹಿಂದೆ ತಗಡಿನ ಶೆಡ್ಡಿನಲ್ಲಿ ಹತ್ತಾರು ತಲೆಗಳು.

"ದಯವಿಟ್ಟು ಕುಟುಂಬದವರು ಮಾತ್ರ ಇರಲಿ," ಎಂದಳು ಸಮಾಲೋಚಕಿ.

ಅಪ್ಪ ಹಿಂದೆ ತಿರುಗಿ ನೋಡಿ, ಅರ್ಥವಾಗದೆ, "ಎಲ್ಲಾ ನಮ್ಮವರೇ ಇದ್ದಾರ್ರಿ. ಒಂದೇ ಒಲಿ ಅದ," ಎಂದ.

ಇತ್ತ ಆಯಿ, ಪರದೆಯಲ್ಲಿ ಅಳಿಯನ ಮುಖ ಕಂಡದ್ದೇ ತಡ, ತಲೆ ತುಂಬ ಸೆರಗು ಎಳೆದುಕೊಂಡಳು. ಅದೂ ಸಾಲದೆನಿಸಿತೋ ಏನೋ, ಫೋನನ್ನೇ ಮೇಜಿನ ಮೇಲೆ ಬೋರಲು ಹಾಕಿಬಿಟ್ಟಳು. "ಹಲೋ? ಟೀಚರ್, ಅಲ್ಲಿ ಕತ್ತಲಾಯಿತಾ?" ಎಂದು ಮೇಜಿನ ಒಳಗಿಂದ ಧ್ವನಿ ಬಂತು. ನಾನು ಫೋನು ಎತ್ತಿ ನಿಲ್ಲಿಸುವಷ್ಟರಲ್ಲಿ ಆಯಿ ಮನೆಯಿಂದ ಮುಚ್ಚಿ ತಂದಿದ್ದ ಚಹಾವನ್ನು ಬಟ್ಟಲಿಗೆ ಬಗ್ಗಿಸಿ ಫೋನಿನ ಮುಂದಿಟ್ಟಳು. ಬೀದರಿನಿಂದ ಬಂದವರಿಗೆ ಚಹಾ ಕೊಡದೆ ಇರುವುದು ಹೇಗೆ? ಸಮಾಲೋಚಕಿಗೂ ಏನು ಹೇಳಬೇಕೋ ತಿಳಿಯದೆ, "ಆಯ್ತ್ರಿ ಆಯಿ, ಕುಡೀತೀನಿ," ಎಂದಳು. ಅಂದಿನಿಂದ ಪ್ರತಿ ಶನಿವಾರ ಒಂದು ಬಟ್ಟಲು ಚಹಾ ಫೋನಿನ ಮುಂದೆ ಇರುತ್ತಿತ್ತು. ಕೂಟ ಮುಗಿದ ಮೇಲೆ ಆರಿದ ಆ ಚಹಾವನ್ನು ನಾನು ಕುಡಿಯುತ್ತಿದ್ದೆ. ಅದರಲ್ಲಿ ಸಕ್ಕರೆ ಎಷ್ಟಿರುತ್ತಿತ್ತೆಂದರೆ, ಕಾರ್ಯಕ್ರಮ ಮುಗಿಯುವಷ್ಟರಲ್ಲಿ ನನಗೆ ಸಕ್ಕರೆ ಕಾಯಿಲೆ ಬರುವುದೆಂಬ ಹೊಸ ಚಿಂತೆಯೊಂದು ಸೇರಿಕೊಂಡಿತು.

"ಪುಟ್ಟಾ, ನಿನಗೆ ಈಗ ಏನನ್ನಿಸುತ್ತಿದೆ?" ಎಂದು ಸಮಾಲೋಚಕಿ ಕೇಳಿದಳು.

ಹುಡುಗಿ ಕಿಟಕಿಯಾಚೆ ಬೇವಿನ ಗಿಡ ನೋಡುತ್ತಿದ್ದಳು. ಆಯಿ ಅವಳ ಮೊಣಕೈ ತಿವಿದಳು. "ಏ ಪೋರಿ, ಹೊಟ್ಟ್ಯಾಗ ಹ್ಯಾಂಗ ಆಗ್ಲತ್ತದ ಅಂತ ಕೇಳ್ಲತ್ತಾರ. ಹೇಳು."

ಹೇಳಲಿಲ್ಲ. ಆದರೆ ಆ ಪ್ರಶ್ನೆ ಸಮಾಲೋಚಕಿಗೆ ಹಿಡಿಸಿತು. ಮುಂದಿನ ವಾರದಿಂದ ಅವಳೂ ಎಲ್ಲ ಮಕ್ಕಳಿಗೆ ಹಾಗೇ ಕೇಳತೊಡಗಿದಳು. ಮಕ್ಕಳು ಉತ್ತರಿಸಿದರು ಕೂಡ. ಒಬ್ಬನಿಗೆ ಹೊಟ್ಟೆಯಲ್ಲಿ ಕಪ್ಪೆ ಕುಣಿಯುತ್ತಿತ್ತು, ಇನ್ನೊಬ್ಬಳಿಗೆ ಬೀಸುಕಲ್ಲು ತಿರುಗುತ್ತಿತ್ತು. ನಮ್ಮ ಹುಡುಗಿಯದು ಮಾತ್ರ ಮೌನ.

ಮೊದಲ ಅಭ್ಯಾಸ ಬಹಳ ಸರಳವೆಂದು ನಾವು ತಿಳಿದಿದ್ದೆವು: ದಿನಾ ಸ್ವಲ್ಪ ಹೊತ್ತು ಮಗುವಿನ ಜೊತೆ ಫೋನಿನಲ್ಲಿ ಮಾತಾಡಬೇಕು, ಊಟದ ಬಗ್ಗೆ, ಓದಿನ ಬಗ್ಗೆ ಕೇಳಬಾರದು. ಅಪ್ಪ ಕಂಗಾಲಾದ.

"ಊಟ ಆತೇನು, ಸಾಲಿಗಿ ಹೋದಿಯೇನು, ಇವೆರಡು ಬಿಟ್ರ ಮತ್ತೇನ್ ಕೇಳೂದ್ರಿ?"

"ಕೇಳಬ್ಯಾಡ್ರಿ. ನೀವು ಏನು ನೋಡಿದಿರಿ, ಅದು ಹೇಳ್ರಿ," ಎಂದಳು ಸಮಾಲೋಚಕಿ. ಪುಸ್ತಕದ ಮಾತು ಅಷ್ಟರಲ್ಲಿ ಅವಳಿಗೇ ಬೇಸರವಾಗಿತ್ತು.

ಅವನು ತಲೆ ಕೆರೆದುಕೊಂಡ. ಹಿಂದಿನಿಂದ ಯಾರೋ, "ರೈಲಿಂದು ಹೇಳೋ," ಎಂದರು. ಆಗ ಹೇಳಿದ: ತಾನು ಗೋಡೆಗೆ ಸಿಮೆಂಟಿನ ಗಿಲಾಯಿ ಮಾಡುವ ಮಾಳಿಗೆ ಎಷ್ಟು ಎತ್ತರವೆಂದರೆ, ಅಲ್ಲಿಂದ ರೈಲು ಇರುವೆ ಸಾಲಿನಂತೆ ಕಾಣುತ್ತದೆ, ಕೂಗುವುದೂ ಕೇಳುವುದಿಲ್ಲ.

"ಎಷ್ಟ್ ಡಬ್ಬಿ?"

ಎಲ್ಲರೂ ಅತ್ತ ತಿರುಗಿದೆವು. ಕೇಳಿದ್ದು ಹುಡುಗಿ. ಕಿಟಕಿಯ ಕಡೆಗೇ ನೋಡುತ್ತಾ ಕೇಳಿದ್ದಳು.

"ನಾಳಿ ಎಣಿಸಿ ಹೇಳ್ತೇನಿ!" ಎಂದು ಅಪ್ಪ ಚೀರಿದ. ಶೆಡ್ಡಿನಲ್ಲಿ ಚಪ್ಪಾಳೆಯಾಯಿತು. ಅವನ ಪಕ್ಕದಲ್ಲಿ ಅವ್ವ ನಗುತ್ತಿದ್ದಳು, ಆದರೆ ಅವಳು "ಮತ್ತ ನನ್ನ ಸಂಗಟ ಮಾತಾಡವ್ವಾ" ಎಂದದ್ದೇ ಹುಡುಗಿ ಎದ್ದು ಅಂಗಳಕ್ಕೆ ಹೋಗಿಬಿಟ್ಟಳು. ಅವ್ವನ ನಗು ಪರದೆಯ ಮೇಲೆ ಹಾಗೇ ನಿಂತಿತು. ನೆಟ್ಟು ಸಿಕ್ಕಿಕೊಂಡಿದೆ ಎಂದುಕೊಂಡೆ. ನೆಟ್ಟು ಸರಿಯಾಗಿಯೇ ಇತ್ತು.

ಯಾಕೆ ಹೀಗೆ ಎಂಬುದು ಮುಂದಿನ ಶನಿವಾರ ತಿಳಿಯಿತು. ದೀಪಾವಳಿ ಮುಗಿಸಿ ಹೊರಡುವಾಗ ಮಗಳಿಗೆ ಏನು ಹೇಳಿ ಹೋದಿರಿ ಎಂದು ಸಮಾಲೋಚಕಿ ಕೇಳಿದಳು.

"ಏನ್ ಹೇಳೂದ್ರಿ? ಮಲಗಿದ್ದಳು," ಎಂದಳು ಅವ್ವ.

ಹಿಂದಿದ್ದ ತಲೆಗಳೆಲ್ಲ ಹೌದೆಂಬಂತೆ ಆಡಿದವು. ನಮ್ಮ ಕಡೆ ದುಡಿಯಲು ಹೋಗುವವರ ಪದ್ಧತಿಯೇ ಅದು. ಮಕ್ಕಳು ಮಲಗಿದ್ದಾಗ ಹೊರಡುವುದು. ಜೀಪಿನ ಸದ್ದು ಕೇಳದಿರಲೆಂದು ಅದನ್ನು ಊರ ಹೊರಗೆ ನಿಲ್ಲಿಸಿರುತ್ತಾರೆ, ಬಾಗಿಲು ಕಿರುಗುಟ್ಟದಿರಲೆಂದು ತೆರೆದೇ ಬಿಟ್ಟು ಹೋಗುತ್ತಾರೆ. ಎಲ್ಲವೂ ಪ್ರೀತಿಯಿಂದಲೇ. ಮಗು ಅತ್ತು ಕಾಲು ಹಿಡಿದರೆ ಯಾರ ಕಾಲು ಮುಂದೆ ಬಂದೀತು? ನನಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ.

ಅಂಗಳಕ್ಕೆ ಹೋಗಬೇಕಿದ್ದ ಹುಡುಗಿ ಅಂದು ಹೋಗಲಿಲ್ಲ. ಸಮಾಲೋಚಕಿ ಮೆತ್ತಗೆ ಕೇಳಿದಳು: "ಅವತ್ತು ಎದ್ದಾಗ ಹೊಟ್ಟ್ಯಾಗ ಹ್ಯಾಂಗ ಆತು?"

"ಕದಾ ತೆಗದಿಟ್ಟಂಗ," ಎಂದಳು ಹುಡುಗಿ.

ನನಗೆ ಗ್ಲೋಬನ್ನು ಸರಿಪಡಿಸುವ ಕೆಲಸ ಬಿತ್ತು. ಆಯಿ ಮಾತ್ರ ರೇಗಿದಳು.

"ಎಲ್ಲಾರೂ ಹಂಗೇ ಹೋಗ್ತಾರ್ರಿ! ಎಬ್ಬಿಸಿ ಅಳಸಿ ಹೋಗೂದು ಚಲೋ ಏನು? ಇಕಿಗಿನ್ನೂ ನಾ ಹಂಗೇ ಬಿಟ್ಟು ಕೂಲಿಗಿ ಹೋಗ್ತಿದ್ದೆ," ಎಂದು ಪರದೆಯಲ್ಲಿದ್ದ ಮಗಳ ಕಡೆ ಬೆರಳು ತೋರಿಸಿದಳು. "ಏನಾತು? ದೊಡ್ಡಾಕಿ ಆಗಿಲ್ಲೇನು?"

ಪುಣೆಯಿಂದ ಮಗಳು ಹೇಳಿದಳು: "ಆಗೀನಿ ಅವ್ವಾ. ಖರೆ ಇವತ್ತಿಗೂ ನಸಕಿನ್ಯಾಗ ಎದ್ದ ಕೂಡಲೇ ಮೊದಲ ಮಗ್ಗಲದಾಗ ಕೈಯಾಡಿಸಿ ನೋಡ್ತೀನಿ, ಮಂದಿ ಅದಾರೋ ಇಲ್ಲೋ ಅಂತ."

ಅಳಿಯ ನೋಡುತ್ತಿದ್ದಾನೆಂಬುದೂ ಆಯಿಗೆ ಮರೆತುಹೋಗಿ, ತಲೆ ಮೇಲಿನ ಸೆರಗು ಜಾರಿತ್ತು. ಆಮೇಲೆ ಸಮಾಲೋಚಕಿಗೆಂದು ಇಟ್ಟಿದ್ದ ಚಹಾದ ಬಟ್ಟಲನ್ನು ಮಗಳ ಮುಖದ ಕಡೆಗೆ ಸರಿಸಿದಳು. "ಆರ್ಲತ್ತದ," ಎಂದಳು.

ಎಳ್ಳಮಾವಾಸ್ಯೆಗೆ, ನಮ್ಮ ಕಡೆಯ ಎಳ್ಳಮಾಸಿ ಹಬ್ಬಕ್ಕೆ, ಅವ್ವ ಒಬ್ಬಳೇ ಎರಡು ದಿನದ ಮಟ್ಟಿಗೆ ಬರುವುದಿತ್ತು. ಈ ಸಲ ಹೇಗೆ ಹೋಗಬೇಕೆಂಬುದನ್ನು ಎಲ್ಲರೂ ಕೂಡಿ ಅದೇ ಫೋನಿನಲ್ಲಿ ಗೊತ್ತುಮಾಡಿದೆವು. ಹೋಗುವ ಮೊದಲೇ ಹೇಳುವುದು. ಹೋಗುವಾಗ ಎಬ್ಬಿಸುವುದು. ಮತ್ತೆ ಯಾವಾಗ ಬರುವುದೆಂದು ಮಗುವಿಗೆ ತಿಳಿಯುವಂತೆ ಹೇಳುವುದು. ಅಳು ಬಂದರೆ ಅಳುವುದು. ಕೇಳಲಿಕ್ಕೆ ಸುಲಭ. ಆದರೆ ಮತ್ತೊಮ್ಮೆ ಕದ್ದು ಹೋದರೆ ಹುಡುಗಿ ಇನ್ನೆಂದೂ ಅವ್ವನ ಜೊತೆ ಬಾಯಿ ಬಿಡಲಿಕ್ಕಿಲ್ಲ, ಎಬ್ಬಿಸಿದಾಗ ಹುಡುಗಿ ಬಿಡದೇ ಹೋದರೆ ಅವ್ವನ ಕೆಲಸ ಉಳಿಯಲಿಕ್ಕಿಲ್ಲ. ಇವೆರಡರ ನಡುವೆ ನಾನು ರಾತ್ರಿಗಳನ್ನು ಕಳೆದೆ. ಯಜಮಾನರು, "ಅವರ ಮನಿ ಮಂದಿ ನಿದ್ದಿ ಮಾಡ್ಲತ್ತಾರ, ನೀನೂ ಮಾಡು," ಎಂದರು.

ಅವ್ವ ಬಂದಳು. ಹೊಲದಲ್ಲಿ ಬೆಳೆ ಇರಲಿಲ್ಲ, ಆದರೂ ಎಳ್ಳಮಾಸಿ ದಿನ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ಬನ್ನಿ ಗಿಡದ ಕೆಳಗೆ ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಉಂಡು ಬಂದರು. ಹುಡುಗಿ ಮೊದಲ ದಿನ ಅವ್ವನಿಂದ ಮಾರು ದೂರ ಕೂತಿದ್ದಳಂತೆ, ಎರಡನೇ ದಿನ ಅವಳ ತಲೆಯಲ್ಲಿ ಹೇನು ನೋಡುವ ನೆಪದಲ್ಲಿ ತೊಡೆಗೆ ಬಂದಳಂತೆ. ಅವ್ವ ಅವಳನ್ನು ಶಾಲೆಯಂಗಳಕ್ಕೆ ಕರೆತಂದು ಬೇವಿನ ಗಿಡ ತೋರಿಸಿದಳು.

"ಇದಕ್ಕ ಹೂ ಬಂದಾಗ ನಾ ಬರ್ತೇನಿ. ಯುಗಾದಿಗಿ."

ಅಲ್ಲೇ ನಿಂತಿದ್ದ ನಾನು ತಲೆಯೆತ್ತಿ ಕೊಂಬೆಗಳನ್ನು ನೋಡಿದೆ. ಇಂಥ ಬರಗಾಲದಲ್ಲಿ ಬೇವು ಹೂ ಬಿಡದಿದ್ದರೆ? ಬೇವಿಗೆ ಬರವೂ ಒಂದೇ, ಮಳೆಯೂ ಒಂದೇ ಎಂದು ಎಲ್ಲರೂ ಹೇಳಿದರು. ನಾನು ಮಾತ್ರ ಅಂದಿನಿಂದ ಸಂಜೆ ಮನೆಗೆ ಹೊರಡುವಾಗ ಬಾಟಲಿಯಲ್ಲಿ ಉಳಿದ ನೀರನ್ನು ಯಾರಿಗೂ ಕಾಣದಂತೆ ಅದರ ಬುಡಕ್ಕೆ ಸುರಿದು ಬರುತ್ತಿದ್ದೆ. ಯುಗಾದಿಗೆ ಅದು ಮೈತುಂಬ ಹೂ ಬಿಟ್ಟಿತು. ನನ್ನ ಬಾಟಲಿ ನೀರಿನಿಂದಲೇ ಎಂದು ನಾನು ಯಾರ ಹತ್ತಿರವೂ ವಾದಿಸಿಲ್ಲ.

ಹಳ್ಳಿಯಿಂದ ಹೊರಟರೆ ಪುಣೆಯ ಬೆಳಗಿನ ಬಸ್ಸು ಸಿಗುವುದಿಲ್ಲ. ಅದಕ್ಕೆ ಹಿಂದಿನ ಸಂಜೆಯೇ ಅವ್ವ, ಆಯಿ, ಹುಡುಗಿ ಮೂವರೂ ಔರಾದಕ್ಕೆ ನನ್ನ ಮನೆಗೆ ಬಂದರು. ಬಸ್‌ನಿಲ್ದಾಣ ಅಲ್ಲಿಂದ ನಾಲ್ಕು ಹೆಜ್ಜೆ. ಉಂಡಾದ ಮೇಲೆ ಹಾಸಿಗೆ ಹಾಸಿದೆವು. ಹುಡುಗಿ ಅವ್ವ ಮತ್ತು ಆಯಿಯ ನಡುವೆ ಮಲಗಿ, ಎಂದಿನಂತೆ ಆಯಿಯ ಸೆರಗು ತೆಗೆದುಕೊಂಡು ತನ್ನ ಕೈಗೆ ಗಂಟು ಹಾಕಿಕೊಂಡಳು. ಆಮೇಲೆ ಅವ್ವನ ಕಡೆ ಹೊರಳಿದಳು.

"ಖರೇನ ಎಬ್ಬಸ್ತಿ?"

"ಖರೇನ."

"ನಿದ್ದಿ ಜೋರ್ ಹತ್ತಿದ್ರನೂ?"

"ನೀರ್ ಹಾಕಿ ಎಬ್ಬಸ್ತೀನಿ."

ಹುಡುಗಿ ನಕ್ಕಳು. ಹಲ್ಲಿನಿಂದ ಗಂಟು ಬಿಚ್ಚಿದಳು. ಕಣ್ಣು ಮುಚ್ಚಿದ್ದೇ ನಿದ್ದೆ ಹೋದಳು.

ನಾನು ಫೋನಿಗೆ ಅಲಾರಾಂ ಇಟ್ಟೆ. ಶಾಲೆಯ ಕೆಲಸಕ್ಕೆ ಇಟ್ಟುಕೊಂಡಿದ್ದ ಹಳೇ ಫೋನಿಗೂ ಇಟ್ಟೆ. ಮೇಜಿನ ಗಡಿಯಾರಕ್ಕೆ ಕೀಲಿ ಕೊಟ್ಟೆ. ಯಜಮಾನರಿಗೆ ಭಾಲ್ಕಿಯಿಂದ ಫೋನು ಮಾಡಿ ಎಬ್ಬಿಸಲು ಹೇಳಿದೆ. ಆಯಿ ಮಲಗಿದಲ್ಲಿಂದಲೇ ಇದನ್ನೆಲ್ಲ ನೋಡುತ್ತಿದ್ದಳು.

"ಟೀಚರ್, ಪುಣಾಕ್ಕ ಹೋಗೂದು ನನ್ನ ಮಗಳೋ, ನೀವೋ?"

ಮುಂದೆ ನನಗೆ ಗೊತ್ತಾದದ್ದು ಮುಖದ ಮೇಲಿನ ಬಿಸಿಲು.

ಎದ್ದು ಕೂತೆ. ಹಾಸಿಗೆಗಳು ಮಡಚಿದ್ದವು. ಮನೆಯಲ್ಲಿ ಯಾರೂ ಇರಲಿಲ್ಲ. ಮುಂಬಾಗಿಲು ತೆರೆದಿತ್ತು. ಮೂಲೆಯಲ್ಲಿ ಕೌದಿಯೊಂದು ಗಂಟಾಗಿ ಬಿದ್ದು, ಒಳಗಿನಿಂದ ಗುಂಯ್ ಎನ್ನುತ್ತಿತ್ತು. ಬಿಚ್ಚಿದರೆ ನನ್ನ ಎರಡೂ ಫೋನು, ಮೇಜಿನ ಗಡಿಯಾರ. ಫೋನಿನಲ್ಲಿ ಯಜಮಾನರ ಕರೆಗಳ ಸಾಲು. ನಾನು ಬರಿಗಾಲಲ್ಲೇ ಹೊಸ್ತಿಲಿಗೆ ಓಡಿದೆ. ಎದುರಿಗೆ ಬಸ್‌ನಿಲ್ದಾಣದ ಕಡೆಯಿಂದ ಆಯಿ ಮತ್ತು ಹುಡುಗಿ ಬರುತ್ತಿದ್ದರು. ಹುಡುಗಿಯ ಕಣ್ಣು ಕೆಂಪಾಗಿತ್ತು, ಬಾಯಲ್ಲೂ ಕೈಯಲ್ಲೂ ಬಿಸ್ಕತ್ತು ಇತ್ತು.

"ಅವ್ವ?" ಎಂದೆ.

"ಹೋದಳ್ರಿ. ಎಬ್ಬಿಸಿದಳು. ನಾ ಒಂದೇ ಕೂಗಿಗಿ ಎದ್ದೆ. ನೀರ್ ಹಾಕ್ಲಿಲ್ಲ."

"ಅತ್ತೇನು?"

"ಹೂಂ. ಅವ್ವಾನೂ ಅತ್ತಳು. ಕಂಡಕ್ಟರ್ ಕಾಕಾ 'ಆತೇನವಾ ನಿಮ್ದು, ಬಿಡ್ಲೇನು?' ಅಂದ. ಆತ್ರಿ ಬಿಡ್ರಿ ಅಂದೆ. ಸೀಟಿ ಹೊಡ್ದ." ಬಿಸ್ಕತ್ತು ನುಂಗಿದಳು. "ಕಿಡಕ್ಯಾಗಿಂದ ಕೈ ಮಾಡ್ಕೋತ ಮಾಡ್ಕೋತ ಹೋದಳು. ಮುಟ್ಟಿದ ಮ್ಯಾಲ ಫೋನ್ ಹಚ್ಚು, ನಾ ಮಾತಾಡ್ತೇನಿ ಅಂದೀನಿ."

ಇಷ್ಟು ವಾರಗಳಿಂದ ನಾನು ಕಾದದ್ದೇ ಆ ಕಿಟಕಿಯಿಂದ ಬೀಸುವ ಕೈ ನೋಡಲು.

"ಮತ್ತ ನನ್ನನ್ನ ಎಬ್ಬಿಸ್ಲಿಲ್ಲ ಯಾಕ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎಬ್ಬಸೂಣು ಅಂತ ನಾ ಅಂದೇನ್ರಿ," ಎಂದಳು ಹುಡುಗಿ. "ಆಯಿನೇ ಬ್ಯಾಡ ಅಂದಳು."

"ರಾತ್ರಿ ಎಲ್ಲಾ ಹೊಳ್ಳಾಡೀರಿ," ಎಂದಳು ಆಯಿ, ಸ್ವಲ್ಪವೂ ಅಳುಕದೆ. "ನಸಕಿನ್ಯಾಗ ನಿದ್ದಿ ಹತ್ತಿತ್ತು. ಆ ಡಬ್ಬಿಗೋಳು ಬಡ್ಕೊಳ್ಳಾಕ ಹತ್ತಿದ್ವು, ಕೌದ್ಯಾಗ ಸುತ್ತಿಟ್ಟೆ. ಸಪ್ಪಳ ಆಗ್ತದಂತ ಕದಾನೂ ತೆಗದೇ ಇಟ್ಟು ಹೋದೇವ್ರಿ. ಮಲಗಿದವರಿಗಿ ಎಬ್ಬಸೂದು ಪಾಪ ಅಲ್ರಿ?"

ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ. ಆಯಿ ಒಳಗೆ ಹೋಗಿ, ನನಗೆಂದು ಮಾಡಿ ಮುಚ್ಚಿಟ್ಟು ಹೋಗಿದ್ದ ಚಹಾ ತಂದು ಮುಂದಿಟ್ಟಳು. ಆರಿತ್ತು. ಹುಡುಗಿ ನನ್ನ ಪಕ್ಕ ಕೂತು, ಬಗ್ಗಿ ನನ್ನ ಮುಖವನ್ನೇ ನೋಡಿದಳು.

"ಟೀಚರ್ರೀ, ಹೊಟ್ಟ್ಯಾಗ ಹ್ಯಾಂಗ ಆಗ್ಲತ್ತದ?"

"ಕದಾ ತೆಗದಿಟ್ಟಂಗ," ಎಂದೆ.

ಅವಳು ಅರ್ಧ ಬಿಸ್ಕತ್ತು ಮುರಿದು ನನ್ನ ಕೈಗಿಟ್ಟಳು.

"ಆಗ್ತದ್ರಿ ಹಂಗ," ಎಂದಳು. "ಚಾ ಕುಡೀರಿ."